ಸೋತು ಸುಣ್ಣ ಆಗಿರೋ ಎನ್‌ಬಿಎ ಟೀಮನ್ನ ಡ್ರಾಫ್ಟ್ ಮೂಲಕ ಮತ್ತೆ ಕಟ್ಟೋದು ಹೇಗೆ: ಒಕ್ಲಹೋಮ ಸಿಟಿ ತೋರಿಸಿದ ದಾರಿ

2021ರ ಡಿಸೆಂಬರ್ 2ಕ್ಕೆ ಮೆಂಫಿಸ್‌ನಲ್ಲಿ ಒಕ್ಲಹೋಮ ಸಿಟಿ ಥಂಡರ್ 152-79ಕ್ಕೆ ಸೋತ್ರು. 73 ಪಾಯಿಂಟ್ ಅಂತರ, ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಇತಿಹಾಸದಲ್ಲಿ ಅಷ್ಟು ಹೀನಾಯವಾಗಿ ಅಲ್ಲಿವರೆಗೂ ಯಾರೂ ಸೋತಿರಲಿಲ್ಲ. 2025ರ ಜೂನ್ 22ಕ್ಕೆ ಅದೇ ಟೀಮು ಫೈನಲ್ಸ್‌ನ ಏಳನೇ ಗೇಮಲ್ಲಿ ಇಂಡಿಯಾನಾ ಪೇಸರ್ಸ್‌ನ ಸೋಲಿಸಿ ಚಾಂಪಿಯನ್ ಆಯ್ತು. (ಅದೇ ತಿಂಗಳು ಆರ್‌ಸಿಬಿನೂ ಕಪ್ ಎತ್ತಿತ್ತು, ಎಂಥಾ ತಿಂಗಳಪ್ಪ ಅದು.) ನಡುವೆ ಇದ್ದಿದ್ದು ಬರೀ ಮೂರೂವರೆ ವರ್ಷ.

ಇದನ್ನ ನೋಡಿದೋರು ಸುಮಾರು ಜನ ಏನಂದ್ಕೊಂಡಿದಾರೆ ಅಂದ್ರೆ, ಎರಡ್ಮೂರು ವರ್ಷ ಬೇಕಂತಲೇ ಸೋಲೋದು, ಡ್ರಾಫ್ಟಲ್ಲಿ (ಟೀಮುಗಳು ಹೊಸ ಹುಡುಗರನ್ನ ಸರದಿಲಿ ಆರಿಸೋದು) ಒಂದನೇ ಪಿಕ್ ಸಿಗುತ್ತೆ, ಒಬ್ಬ ಸೂಪರ್‌ಸ್ಟಾರ್ ಬರ್ತಾನೆ, ಮುಗೀತು ಅಂತ. ಹಾಗಲ್ಲ. ಥಂಡರ್‌ಗೆ ಈ ಪೂರ್ತಿ ರೀಬಿಲ್ಡ್‌ನಲ್ಲಿ ಒಂದನೇ ಪಿಕ್ ಒಂದ್ಸಲಾನೂ ಸಿಕ್ಕಿಲ್ಲ, ಅವರ ಅತಿ ದೊಡ್ಡ ಆಟಗಾರ ಶೇ ಗಿಲ್ಜಸ್-ಅಲೆಕ್ಸಾಂಡರ್‌ನ ಅವರು ಡ್ರಾಫ್ಟ್ ಮಾಡಿದ್ದೂ ಅಲ್ಲ, ಟ್ರೇಡಲ್ಲಿ (ಟೀಮುಗಳ ನಡುವಿನ ವಿನಿಮಯ) ಬಂದೋನು. ಹಾಗಾದ್ರೆ ಡ್ರಾಫ್ಟ್ ಮೂಲಕ ಕಟ್ಟಿದ್ರು ಅಂತ ಯಾಕೆ ಹೇಳ್ತಾರೆ ಅಂದ್ರೆ, ಜಿಎಂ (ಟೀಮ್ ಕಟ್ಟೋ ಜನರಲ್ ಮ್ಯಾನೇಜರ್) ಸ್ಯಾಮ್ ಪ್ರೆಸ್ಟಿ ಪಿಕ್‌ಗಳನ್ನ ದುಡ್ಡಿನ ಥರ ಬಳಸಿದ: ಕೂಡಿಟ್ಟ, ಬಡ್ಡಿಗೆ ಬಿಟ್ಟ, ಬೇಕಾದಾಗ ಖರ್ಚು ಮಾಡಿದ. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ನೋಡೋಣ, ನೀವೇ ಜಿಎಂ ಕುರ್ಚಿಲಿ ಕೂತಿದೀರಿ ಅಂದ್ಕೊಂಡು ಓದಿ.

ಐಪಿಎಲ್ ಮಾತ್ರ ನೋಡೋರಿಗೆ ಒಂದು ಮಾತು. ಅಲ್ಲಿ ಹರಾಜು, ಪರ್ಸಲ್ಲಿ ದುಡ್ಡು ಜಾಸ್ತಿ ಉಳಿಸಿಕೊಂಡಿರೋನು ಕೂಗ್ತಾನೆ. ಎನ್‌ಬಿಎಲಿ ಹೊಸ ಹುಡುಗರಿಗೆ ಹರಾಜಿಲ್ಲ, ಸರದಿ ಇದೆ. 30 ಟೀಮು, ಎರಡು ರೌಂಡು, ಕೆಟ್ಟದಾಗಿ ಆಡಿದೋರಿಗೆ ಮೊದಲ ಸರದಿಗಳಲ್ಲಿ ಆರಿಸೋ ಅವಕಾಶ ಹೆಚ್ಚು. ಆ ಸರದಿನೇ ಪಿಕ್ಕು, ಅದನ್ನ ಏಳು ವರ್ಷ ಮುಂದಿನದ್ದಾದ್ರೂ ಮಾರಬಹುದು, ಕೊಳ್ಳಬಹುದು.

1. ಮೊದಲು ನೀವು ಎಲ್ಲಿದೀರಿ ಅಂತ ಒಪ್ಕೊಳ್ಳಿ

ಎನ್‌ಬಿಎಲಿ ಕೊನೆ ಸ್ಥಾನಕ್ಕಿಂತ ಕೆಟ್ಟ ಜಾಗ ಅಂದ್ರೆ ನಡುಮಧ್ಯ. ವರ್ಷಕ್ಕೆ 36ರಿಂದ 41 ಗೆಲುವು, ಪ್ಲೇ-ಇನ್‌ಗೆ (ಪ್ಲೇಆಫ್ ಸೇರೋಕೆ ಇರೋ ಕೊನೆ ಅವಕಾಶದ ಮ್ಯಾಚು) ಹೋಗಿ ಸೋಲೋದು, 12ನೋ 14ನೋ ಪಿಕ್ಕು, ಸಂಬಳದ ಲೆಕ್ಕ ಪೂರ್ತಿ ತುಂಬಿರುತ್ತೆ, ಮುಂದಿನ ವರ್ಷ ಮತ್ತೆ ಅದೇ. ಅತ್ತ ಕಪ್ಪೂ ಇಲ್ಲ ಇತ್ತ ಒಳ್ಳೆ ಪಿಕ್ಕೂ ಇಲ್ಲ. ನಿಮ್ಮ ಟೀಮಲ್ಲಿ ಇರೋ ಅತ್ಯುತ್ತಮ ಆಟಗಾರ ಒಂದು ಚಾಂಪಿಯನ್ ಟೀಮಲ್ಲಿ ಮೂರನೇ ಆಟಗಾರ ಆಗಬಹುದು ಅಷ್ಟೇ ಅಂತಾದ್ರೆ, ಟೀಮನ್ನ ಒಡೀರಿ.

ಒಡೆಯೋ ಮುಂಚೆ ಓನರ್ ಹತ್ರ ಕೂತು ಮಾತಾಡಬೇಕು, ಇದನ್ನ ಬಿಟ್ಟುಬಿಟ್ರೆ ಮಿಕ್ಕಿದ್ದೆಲ್ಲ ವೇಸ್ಟು. ಫಿಲಡೆಲ್ಫಿಯಾದಲ್ಲಿ ಸ್ಯಾಮ್ ಹಿಂಕಿ 2013ರಿಂದ ಮೂರು ಸೀಸನ್ ಟೀಮನ್ನ ಸೋಲಿಸ್ತಾ ಹೋದ, 19, 18, ಆಮೇಲೆ 10 ಗೆಲುವು, ಒಟ್ಟು 47. ಮೂರನೇ ಸೀಸನ್ ಮುಗಿಯೋಷ್ಟರಲ್ಲಿ ಮೇಲಿನೋರ ತಾಳ್ಮೆನೂ ಮುಗಿದಿತ್ತು, 2016 ಏಪ್ರಿಲಲ್ಲಿ ಅವನೇ ರಾಜೀನಾಮೆ ಕೊಟ್ಟ. ಬೆಳೆ ಕೊಯ್ಯೋಕೆ ಬಂದಿದ್ದು ಬೇರೆಯೋರು. ಹಾಗಾಗಿ ಎಷ್ಟು ವರ್ಷ, ಎಷ್ಟು ಸೋಲು, ಟಿಕೆಟ್ ಮಾರಾಟ ಬಿದ್ರೆ ಏನು, ಎಲ್ಲಾ ಮೊದಲೇ ಇತ್ಯರ್ಥ ಆಗಿರಲಿ.

2. ಸ್ಟಾರ್‌ನ ಮಾರೋದು, ಅದೂ ಬೆಲೆ ಇರೋವಾಗ್ಲೇ

ಇಲ್ಲೇ ರೀಬಿಲ್ಡ್ ಅರ್ಧ ಗೆಲ್ಲೋದು ಇಲ್ಲಾ ಸೋಲೋದು. 2019 ಜುಲೈಲಿ ಪಾಲ್ ಜಾರ್ಜ್ ನನ್ನ ಬಿಟ್ಟುಬಿಡಿ ಅಂದ. ಕವಾಯ್ ಲೆನರ್ಡ್ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಬರ್ತೀನಿ ಆದ್ರೆ ಜೊತೆಗೆ ಜಾರ್ಜ್ ಬೇಕು ಅಂತ ಕೂತಿದ್ದ. ಅಂದ್ರೆ ಕ್ಲಿಪ್ಪರ್ಸ್‌ಗೆ ಒಂದು ಏಟಿಗೆ ಇಬ್ಬರು ಸ್ಟಾರ್‌ಗಳು, ಇಲ್ಲ ಅಂದ್ರೆ ಸೊನ್ನೆ. ಎದುರಿನೋನಿಗೆ ಎಷ್ಟು ಅರ್ಜೆಂಟ್ ಇದೆ ಅಂತ ಪ್ರೆಸ್ಟಿಗೆ ಗೊತ್ತಿತ್ತು, ಹಿಂಡಿಬಿಟ್ಟ: ಐದು ಮೊದಲ ರೌಂಡ್ ಪಿಕ್ಕು, ಎರಡು ಸ್ವಾಪು (ಪಿಕ್ ಅದಲು ಬದಲು ಹಕ್ಕು), ಡನಿಲೋ ಗಲ್ಲಿನಾರಿ, ಅದರ ಮೇಲೆ ಆಗ 20 ತುಂಬಿ 21ಕ್ಕೆ ಬರ್ತಿದ್ದ ಶೇ. ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಅದೇ ಆಯ್ತು, ಶೇ 2025ರಲ್ಲಿ ಎಂವಿಪಿ (ಸೀಸನ್ನಿನ ಅತ್ಯುತ್ತಮ ಆಟಗಾರ), ಫೈನಲ್ಸ್ ಎಂವಿಪಿ ಎರಡೂ ಆದ, ಆ ಪಿಕ್‌ಗಳಲ್ಲಿ ಒಂದು ಜೇಲೆನ್ ವಿಲಿಯಮ್ಸ್ ಆಯ್ತು.

ಅದೇ ತಿಂಗಳು ರಸೆಲ್ ವೆಸ್ಟ್‌ಬ್ರೂಕ್‌ನ ಹ್ಯೂಸ್ಟನ್‌ಗೆ ಕಳಿಸಿ ಕ್ರಿಸ್ ಪಾಲ್‌ನ ಪ್ಲಸ್ ಪಿಕ್‌ಗಳನ್ನ ತಗೊಂಡ್ರು. ಆಗ ಪಾಲ್ ಕಾಂಟ್ರಾಕ್ಟ್ ಅಂದ್ರೆ ಎಲ್ಲರೂ ಮೂಗು ಮುರೀತಿದ್ರು, ವಯಸ್ಸಾಗಿದೆ, ಸಂಬಳ ಜಾಸ್ತಿ ಅಂತ. ಪ್ರೆಸ್ಟಿ ಅವಸರ ಮಾಡ್ಲಿಲ್ಲ. ಒಂದು ಸೀಸನ್ ಆಡಿಸಿದ, ಟೀಮ್ 44 ಗೆದ್ದು 28 ಸೋತು ಪ್ಲೇಆಫ್‌ಗೆ ಹೋಯ್ತು, ಪಾಲ್ ಮತ್ತೆ ಆಲ್‌ಸ್ಟಾರ್ ಆದ, ಬೆಲೆ ಏರಿದ ಮೇಲೆ 2020 ನವೆಂಬರಲ್ಲಿ ಫೀನಿಕ್ಸ್‌ಗೆ ಮಾರಿ ಮತ್ತೊಂದು ಮೊದಲ ರೌಂಡ್ ಪಿಕ್ ತಗೊಂಡ. ಅಂದ್ರೆ ಎಲ್ಲಾರನ್ನೂ ಮೊದಲನೇ ದಿನವೇ ಹೊರಗೆ ಹಾಕೋದು ಜಾಣತನ ಅಲ್ಲ, ಬೆಲೆ ಬಿದ್ದಿರೋನನ್ನ ಇಟ್ಕೊಂಡು ಪಾಲಿಶ್ ಮಾಡಿ ಮಾರಬೇಕು.

ತಪ್ಪು ಕಡೆ ನಿಂತೋರ ಉದಾಹರಣೆ ಬೇಕಾ? 2013ರಲ್ಲಿ ಬ್ರೂಕ್ಲಿನ್ ನೆಟ್ಸ್, ಪಾಲ್ ಪಿಯರ್ಸ್ ಮತ್ತೆ ಕೆವಿನ್ ಗಾರ್ನೆಟ್‌ಗೋಸ್ಕರ ಬೋಸ್ಟನ್‌ಗೆ 2014, 2016, 2018ರ ಪಿಕ್, 2017ರ ಸ್ವಾಪ್ ಕೊಟ್ರು. ಆ ಇಬ್ರೂ ಮುದುಕರಾದ್ರು, ಬೋಸ್ಟನ್‌ಗೆ ಜೇಲೆನ್ ಬ್ರೌನ್, ಜೇಸನ್ ಟೇಟಂ ಇಬ್ರೂ ಅದೇ ಡೀಲಿಂದ ಬಂದ್ರು, 2024ರಲ್ಲಿ ಕಪ್ ಗೆದ್ರು.

3. ಪಿಕ್‌ನ ಸಣ್ಣಕ್ಷರ ಓದೋದು ಕಲೀರಿ

ಪಿಕ್ ಅಂದ್ರೆ ಬರೀ ಪಿಕ್ ಅಲ್ಲ, ಅದರ ಷರತ್ತು ನೋಡ್ಬೇಕು.

ಪ್ರೊಟೆಕ್ಷನ್ ಅಂದ್ರೆ, "ಪಿಕ್ ಕೊಡ್ತೀನಿ, ಆದ್ರೆ ಅದು ಮೊದಲ 7ರ ಒಳಗೆ ಬಂದ್ರೆ ನಾನೇ ಇಟ್ಕೋತೀನಿ" ಅನ್ನೋ ಥರದ ಷರತ್ತು. 2012ರಲ್ಲಿ ಗೋಲ್ಡನ್ ಸ್ಟೇಟ್ ಯೂಟಾಗೆ ಇಂಥದ್ದೇ ಒಂದು ಪಿಕ್ ಬಾಕಿ ಇತ್ತು, ಸೀಸನ್ ಕೊನೆಲಿ ಸಾಲುಸಾಲಾಗಿ ಸೋತ್ರು, ಕರೆಕ್ಟಾಗಿ 7ನೇ ಪಿಕ್ ಉಳೀತು, ಹ್ಯಾರಿಸನ್ ಬಾರ್ನ್ಸ್ ಬಂದ. ಅದೇ ಡ್ರಾಫ್ಟಲ್ಲಿ 35ನೇ ಪಿಕ್ಕಲ್ಲಿ ಡ್ರೇಮಂಡ್ ಗ್ರೀನ್. ಮೂರು ವರ್ಷದಲ್ಲಿ ಕಪ್.

2023ರಲ್ಲಿ ಡಲ್ಲಾಸ್ ಇದನ್ನೇ ಕಣ್ಣಿಗೆ ಹೊಡೆಯೋ ಹಾಗೆ ಮಾಡ್ತು. ಅವರ ಪಿಕ್ ಮೊದಲ 10ರ ಒಳಗೆ ಬಂದ್ರೆ ಮಾತ್ರ ಅವರದ್ದು, ಇಲ್ಲಾಂದ್ರೆ ನ್ಯೂಯಾರ್ಕ್ ನಿಕ್ಸ್‌ಗೆ. ಪ್ಲೇ-ಇನ್ ಆಸೆ ಇನ್ನೂ ಇರೋವಾಗ್ಲೇ ಶಿಕಾಗೋ ವಿರುದ್ಧ ಪ್ರಮುಖರನ್ನ ಕೂರಿಸಿದ್ರು, ಲೀಗ್ 7.5 ಲಕ್ಷ ಡಾಲರ್ ದಂಡ ಹಾಕ್ತು. ಪಿಕ್ ಮಾತ್ರ 10ನೇದಾಗಿ ಉಳೀತು. ಆಮೇಲೆ ಆ 10ನೇ ಪಿಕ್‌ನ ತಗೊಂಡಿದ್ದು ಯಾರು ಅಂತೀರಾ, ಥಂಡರ್! ತಮ್ಮ 12ನೇದನ್ನ ಕೊಟ್ಟು, ಡಲ್ಲಾಸ್‌ಗೆ ಹೊರೆಯಾಗಿದ್ದ ಡೇವಿಸ್ ಬರ್ಟಾನ್ಸ್ ಕಾಂಟ್ರಾಕ್ಟನ್ನೂ ಹೊತ್ಕೊಂಡು ಕೇಸನ್ ವಾಲೆಸ್‌ನ ತಗೊಂಡ್ರು. ಡಲ್ಲಾಸ್ 12ರಲ್ಲಿ ಡೆರೆಕ್ ಲೈವ್ಲಿನ ತಗೊಂಡು ಮುಂದಿನ ವರ್ಷವೇ ಫೈನಲ್ಸ್‌ಗೆ ಹೋದ್ರು, ಅವರಿಗೂ ನಷ್ಟ ಆಗ್ಲಿಲ್ಲ ಬಿಡಿ.

ಸ್ವಾಪ್ ಅಂದ್ರೆ ಅದಲು ಬದಲು ಹಕ್ಕು, ನಿಮ್ಮದು ನನ್ನದಕ್ಕಿಂತ ಚೆನ್ನಾಗಿದ್ರೆ ಬದಲಾಯಿಸ್ಕೋತೀನಿ. ಕೇಳೋಕೆ ಸಪ್ಪೆ. ಆದ್ರೆ 2017ರಲ್ಲಿ ಈಸ್ಟಲ್ಲಿ (ಲೀಗಿನ ಪೂರ್ವ ವಿಭಾಗ) ಮೊದಲ ಸ್ಥಾನದಲ್ಲಿದ್ದ ಬೋಸ್ಟನ್‌ಗೆ ಡ್ರಾಫ್ಟಲ್ಲೂ ಒಂದನೇ ಪಿಕ್ ಸಿಕ್ಕಿದ್ದು ಸ್ವಾಪಿಂದ್ಲೇ, ಯಾಕಂದ್ರೆ ನೆಟ್ಸ್ ಅವತ್ತು ಲೀಗಲ್ಲೇ ಕೊನೆ.

ಇನ್ನೊಂದು, ಸ್ಟೆಪಿಯನ್ ರೂಲ್. 80ರ ದಶಕದ ಶುರುವಲ್ಲಿ ಕ್ಲೀವ್‌ಲ್ಯಾಂಡ್ ಓನರ್ ಟೆಡ್ ಸ್ಟೆಪಿಯನ್ ಪಿಕ್‌ಗಳನ್ನ ಮನಸೋ ಇಚ್ಛೆ ಮಾರಿ ಟೀಮನ್ನ ಬರಿದು ಮಾಡಿದ್ದಕ್ಕೆ ಬಂದಿದ್ದು. ಮುಂದಿನ ಯಾವ ಎರಡು ವರ್ಷ ಸತತವಾಗಿ ಮೊದಲ ರೌಂಡ್ ಪಿಕ್ ಇಲ್ಲದ ಹಾಗೆ ಮಾರೋ ಹಾಗಿಲ್ಲ. ಅದಕ್ಕೇ ಟ್ರೇಡ್‌ಗಳಲ್ಲಿ ಒಂದು ವರ್ಷ ಪಿಕ್, ಮಧ್ಯದ ವರ್ಷ ಸ್ವಾಪ್, ಮತ್ತೆ ಪಿಕ್ ಅಂತ ಜೋಡಿಸಿರೋದು ಕಾಣುತ್ತೆ.

ನನ್ನ ಪ್ರಕಾರ ಬೆಸ್ಟ್ ಪಿಕ್ ಅಂದ್ರೆ ಪ್ರೊಟೆಕ್ಷನ್ ಇಲ್ಲದ, ಐದಾರು ವರ್ಷ ಆಚೆ ಇರೋ, ಈಗ ಚೆನ್ನಾಗಿ ಆಡ್ತಿರೋ ವಯಸ್ಸಾದ ಟೀಮಿನ ಪಿಕ್. ಕೊಡೋನಿಗೆ ಅದು ಯಾವಾಗ್ಲೋ ಬರೋದು, ಅಷ್ಟೊತ್ತಿಗೆ ಅವನ ಕೆಲಸವೇ ಇರಲ್ಲ ಅನ್ನೋ ಧೈರ್ಯ.

4. ಖಾಲಿ ಜಾಗ ಬಾಡಿಗೆಗೆ ಕೊಡಿ

ಸ್ಟಾರ್‌ಗಳನ್ನ ಮಾರಿದ ಮೇಲೆ ಸಂಬಳದ ಕ್ಯಾಪಲ್ಲಿ (ಟೀಮಿನ ಒಟ್ಟು ಸಂಬಳಕ್ಕಿರೋ ಮಿತಿ) ಜಾಗ ಇರುತ್ತೆ. ಅದಕ್ಕೆ ಸಾಧಾರಣ ಫ್ರೀ ಏಜೆಂಟ್ (ಕಾಂಟ್ರಾಕ್ಟ್ ಮುಗಿದ ಆಟಗಾರ) ತಂದು ತುಂಬಿಸಬೇಡಿ. ಬೇರೆ ಟೀಮಿಗೆ ಭಾರ ಆಗಿರೋ ಕಾಂಟ್ರಾಕ್ಟ್ ತಗೊಳ್ಳಿ, ಬಾಡಿಗೆ ರೂಪದಲ್ಲಿ ಪಿಕ್ ಕೇಳಿ. ಥಂಡರ್ 2020ರಲ್ಲಿ ಅಲ್ ಹಾರ್‌ಫರ್ಡ್ ಕಾಂಟ್ರಾಕ್ಟ್ ಜೊತೆ ಫಿಲಡೆಲ್ಫಿಯಾದಿಂದ ಪಿಕ್ ತಗೊಂಡ್ರು, ಅವನನ್ನೇ 2021ರಲ್ಲಿ ಬೋಸ್ಟನ್‌ಗೆ ವಾಪಸ್ ಕಳಿಸಿ ಕೆಂಬಾ ವಾಕರ್ ಜೊತೆ 16ನೇ ಪಿಕ್ ತಗೊಂಡ್ರು. ಒಂದೇ ಆಟಗಾರನಿಂದ ಎರಡು ಸಲ ಬಾಡಿಗೆ.

ಆ 16ನೇ ಪಿಕ್ ಏನಾಯ್ತು? ಆಲ್ಪರೆನ್ ಶೆಂಗೂನ್! ಥಂಡರ್ ಅವನನ್ನ ಹ್ಯೂಸ್ಟನ್‌ಗೆ ಮಾರಿ ಇನ್ನೆರಡು ಪಿಕ್ ತಗೊಂಡ್ರು, ಅವನು 2025ರಲ್ಲಿ ಅಲ್ಲಿ ಆಲ್‌ಸ್ಟಾರ್ ಆದ. ಪಿಕ್ ಕೂಡಿಡೋ ಚಟ ಹತ್ತಿದ್ರೆ ಕೈಲಿರೋ ಒಳ್ಳೆ ಆಟಗಾರನೂ ಜಾರಿಹೋಗ್ತಾನೆ, ಇದನ್ನ ಪ್ರೆಸ್ಟಿ ಭಕ್ತರು ಜಾಸ್ತಿ ಹೇಳಲ್ಲ.

5. ಲಾಟರಿ ಲೆಕ್ಕ ಗೊತ್ತಿರಲಿ, ಆದ್ರೆ ಅದನ್ನೇ ನಂಬ್ಕೋಬೇಡಿ

2025ರ ನಿಯಮದ ಪ್ರಕಾರ ಹೇಳ್ತೀನಿ: ಯಾರಿಗೆ ಮೊದಲ ಸರದಿ ಅಂತ ತೀರ್ಮಾನಿಸೋಕೆ ಪ್ಲೇಆಫ್‌ಗೆ ಹೋಗದ 14 ಟೀಮುಗಳಿಗೆ ಲಾಟರಿ. ಮೆಷಿನ್‌ಗೆ 1ರಿಂದ 14 ನಂಬರಿನ 14 ಚೆಂಡು ಹಾಕ್ತಾರೆ, ನಾಲ್ಕು ಎತ್ತುತಾರೆ, ಯಾವ ಕ್ರಮದಲ್ಲಿ ಬಂದ್ರೂ ಒಂದೇ. ಹಾಗೆ 1001 ಜೋಡಣೆ ಆಗುತ್ತೆ, ಅದರಲ್ಲಿ 1000ನ ಟೀಮುಗಳಿಗೆ ಹಂಚಿರ್ತಾರೆ, ಉಳಿದ ಒಂದು (11, 12, 13, 14) ಬಂದ್ರೆ ಮತ್ತೆ ಎತ್ತೋದು. ಟಿವಿಲಿ ಕವರ್ ಬಿಚ್ಚೋದು ನಾಟಕ ಅಷ್ಟೇ, ಅಸಲಿ ಎತ್ತೋದು ಮುಂಚೆನೇ ಬೇರೆ ರೂಮಲ್ಲಿ ಆಗಿರುತ್ತೆ, ಒಳಗಿರೋರ ಫೋನ್ ಕಸ್ಕೊಂಡು ಟಿವಿಲಿ ಹೇಳೋತನಕ ಹೊರಗೆ ಬಿಡಲ್ಲ.

ಮೊದಲು ಕೊನೆ ಟೀಮಿಗೆ ಒಂದನೇ ಪಿಕ್ ಸಿಗೋ ಸಾಧ್ಯತೆ 25% ಇತ್ತು. ಫಿಲಡೆಲ್ಫಿಯಾ ಆಟ ನೋಡಿ ಲೀಗ್ 2019ರಿಂದ ಬದಲಾಯಿಸ್ತು, ಕೊನೆ ಮೂರು ಟೀಮಿಗೂ ತಲಾ 14%, ಲಾಟರಿ ಮೊದಲ ನಾಲ್ಕು ಪಿಕ್‌ಗೆ. ಇದರ ಅರ್ಥ ಏನು ಅಂದ್ರೆ ಲೀಗಲ್ಲೇ ಕೊನೆ ಬಂದ ಟೀಮು 5ನೇ ಪಿಕ್‌ಗೆ ಜಾರೋ ಸಾಧ್ಯತೆ 47.9%! ಡೆಟ್ರಾಯಿಟ್‌ನ ಕೇಳಿ. 2023ರಲ್ಲಿ 17-65, ಕೊನೆ, 5ನೇ ಪಿಕ್ಕು. 2024ರಲ್ಲಿ 14-68, ಸತತ 28 ಸೋಲು, ಮತ್ತೆ ಕೊನೆ, ಮತ್ತೆ 5ನೇ ಪಿಕ್ಕು. ಆ ಕಡೆ 2025ರಲ್ಲಿ 39 ಗೆದ್ದ ಡಲ್ಲಾಸ್‌ಗೆ 1.8% ಸಾಧ್ಯತೆಲಿ ಒಂದನೇ ಪಿಕ್, ಕೂಪರ್ ಫ್ಲ್ಯಾಗ್. ಏನ್ ಹೇಳ್ತೀರಾ ಇದಕ್ಕೆ.

ಹಾಗಾಗಿ ಕೊನೆಯಿಂದ ಮೂರರೊಳಗೆ ಇದ್ರೆ ಸಾಕು, ಕಟ್ಟಕಡೆಯವರಾಗೋಕೆ ಮರ್ಯಾದೆ ಬಿಟ್ಟು ಸೋಲೋದ್ರಲ್ಲಿ ಲಾಭ ಅಷ್ಟೇನೂ ಇಲ್ಲ. ಒಂದೇ ಟಿಕೆಟ್ ಮೇಲೆ ಬದುಕೋ ಬದಲು ಟಿಕೆಟ್ ಜಾಸ್ತಿ ಮಾಡ್ಕೊಳ್ಳಿ. 2022ರ ಡ್ರಾಫ್ಟಲ್ಲಿ ಥಂಡರ್ ಹತ್ರ 2, 11, 12, 34 ಇತ್ತು. 2ರಲ್ಲಿ ಚೆಟ್ ಹೋಮ್‌ಗ್ರೆನ್, 12ರಲ್ಲಿ ಜೇಲೆನ್ ವಿಲಿಯಮ್ಸ್, 34ರಲ್ಲಿ ಜೇಲಿನ್ ವಿಲಿಯಮ್ಸ್ (ಹೌದು, ಇಬ್ಬರು). 11ನೇದಕ್ಕೆ ನಿಕ್ಸ್‌ಗೆ ಮೂರು ಪಿಕ್ ಕೊಟ್ಟು ತಂದ ಉಸ್ಮಾನ್ ಡಿಯೆಂಗ್ ಅಂದುಕೊಂಡಷ್ಟು ಬೆಳೀಲಿಲ್ಲ. 2020ರ ಪೊಕುಸೆವ್‌ಸ್ಕಿನೂ ಕ್ಲಿಕ್ ಆಗ್ಲಿಲ್ಲ. ಆದ್ರೂ ಟೀಮು ಬೀಳ್ಲಿಲ್ಲ ನೋಡಿ, ಯಾಕಂದ್ರೆ ಪಕ್ಕದಲ್ಲೇ ಇನ್ನೊಂದು ಟಿಕೆಟ್ ಇತ್ತು.

6. ಆರಿಸೋ ದಿನ: ಸ್ಥಾನ ನೋಡಬೇಡಿ, ಆಟಗಾರನ್ನ ನೋಡಿ

1984ರಲ್ಲಿ ಪೋರ್ಟ್‌ಲ್ಯಾಂಡ್ ಹತ್ರ ಆಗ್ಲೇ ಜೋರ್ಡನ್ ಸ್ಥಾನದಲ್ಲೇ ಆಡೋ ಕ್ಲೈಡ್ ಡ್ರೆಕ್ಸ್‌ಲರ್ ಇದ್ದ, ಸೆಂಟರ್ (ಬುಟ್ಟಿ ಹತ್ರ ಆಡೋ ಎತ್ತರದ ಆಟಗಾರ) ಬೇಕು ಅಂತ ಎರಡನೇ ಪಿಕ್ಕಲ್ಲಿ ಸ್ಯಾಮ್ ಬೋವಿನ ತಗೊಂಡ್ರು, ಮೂರನೇದಾಗಿ ಮೈಕಲ್ ಜೋರ್ಡನ್ ಶಿಕಾಗೋಗೆ ಹೋದ. 34 ವರ್ಷ ಆದ ಮೇಲೆ ಸ್ಯಾಕ್ರಮೆಂಟೋ (ಮುಂಬೈಲಿ ಹುಟ್ಟಿದ ವಿವೇಕ್ ರಣದಿವೆ ಟೀಮು) ಎರಡನೇ ಪಿಕ್ಕಲ್ಲಿ ಮಾರ್ವಿನ್ ಬ್ಯಾಗ್ಲಿನ ತಗೊಂಡು ಲೂಕಾ ಡೊನ್ಚಿಚ್‌ನ ಬಿಡ್ತು. ಲೂಕಾ ಆಗ 19ಕ್ಕೇ ಯೂರೋಲೀಗ್ ಎಂವಿಪಿ, ದೊಡ್ಡೋರ ಜೊತೆ ಆಡಿ ಗೆದ್ದಿದ್ದ, ಇನ್ನೇನು ಸಾಕ್ಷಿ ಬೇಕಿತ್ತೋ. ಹೊಸದಾಗಿ ಕಟ್ಟೋ ಟೀಮಿಗೆ ಕೊರತೆ ಅನ್ನೋದು ಎಲ್ಲಾ ಕಡೆನೂ ಇರುತ್ತೆ, ಹಾಗಾಗಿ ಇರೋರಲ್ಲಿ ಬೆಸ್ಟ್ ಯಾರೋ ಅವನನ್ನೇ ಎತ್ಕೊಳ್ಳಿ.

ಆದ್ರೆ ಇದಕ್ಕೂ ಮಿತಿ ಇದೆ. ಫಿಲಡೆಲ್ಫಿಯಾ ಮೂರು ವರ್ಷ ಸತತವಾಗಿ ಸೆಂಟರ್‌ಗಳನ್ನೇ ತಂತು, ನರ್ಲೆನ್ಸ್ ನೋಯೆಲ್, ಜೋಯೆಲ್ ಎಂಬೀಡ್, ಜಲೀಲ್ ಓಕಾಫೋರ್. ಮೂವರೂ ರಿಮ್ ಹತ್ರ ನಿಲ್ಲೋರೇ, ಒಟ್ಟಿಗೆ ಆಡಿಸೋಕಾಗಲ್ಲ, ಎಂಬೀಡ್ ಒಬ್ಬನೇ ನಿಂತಿದ್ದು, ಮಿಕ್ಕಿಬ್ಬರ ಬೆಲೆ ನೀರಲ್ಲಿ ಹೋಮ ಆಯ್ತು.

ಥಂಡರ್ ಏನ್ ಹುಡುಕ್ತಾರೆ ಅಂತ ಸಾಲಾಗಿ ನೋಡಿದ್ರೆ ಗೊತ್ತಾಗುತ್ತೆ: ಉದ್ದ ಕೈ, ಪಾಸ್ ಮಾಡೋ ಬುದ್ಧಿ, ಎರಡ್ಮೂರು ಸ್ಥಾನದಲ್ಲಿ ಆಡೋ ಸಾಮರ್ಥ್ಯ. ಜೇಲೆನ್ ವಿಲಿಯಮ್ಸ್ ಸಾಂಟಾ ಕ್ಲಾರಾ ಅನ್ನೋ ಚಿಕ್ಕ ಕಾಲೇಜಿನೋನು, ಸ್ಟೀವ್ ನ್ಯಾಶ್ ಓದಿದ್ದೂ ಅಲ್ಲೇ. 2022ರ ಮೇ ತಿಂಗಳ ಶಿಕಾಗೋ ಕಂಬೈನ್‌ಗೆ (ಡ್ರಾಫ್ಟ್ ಮುಂಚಿನ ಪರೀಕ್ಷಾ ಶಿಬಿರ) ಬಂದಾಗ ಎರಡನೇ ರೌಂಡಿನೋನು ಅನ್ನೋ ಮಾತಿತ್ತು. ಅಳತೆ ಟೇಪ್ ಹಿಡಿದ್ರೆ ಕೈ ಚಾಚಿದ ಅಗಲ 7 ಅಡಿ 2 ಇಂಚಿನ ಮೇಲೆ, ಎತ್ತರ ಆರೂವರೆ ಅಡಿ ಆಸುಪಾಸು. ಮೇಲೆ ಹೋಗೋ ಹುಡುಗರು ತಪ್ಪಿಸ್ಕೊಳ್ಳೋ ಐವರು-ಐವರ ಮ್ಯಾಚಲ್ಲೂ ಇವನು ಇಳಿದು ಆಡಿದ, ಒಂದೇ ವಾರದಲ್ಲಿ ಹೆಸರು ಮೇಲೇರ್ತು. ಅದೇ ಹುಡುಗ 2025 ಫೈನಲ್ಸ್‌ನ ಐದನೇ ಗೇಮಲ್ಲಿ 40 ಪಾಯಿಂಟ್ ಹಾಕಿದ. ಬೆಳಗ್ಗೆ ಆರಕ್ಕೆ ಎದ್ದು ನೋಡಿದೋರಿಗೆ ನೆನಪಿರುತ್ತೆ.

ಎರಡನೇ ರೌಂಡ್‌ನ ಕಡೆಗಣಿಸಬೇಡಿ. 2014ರಲ್ಲಿ 41ನೇ ಪಿಕ್ ನಿಕೋಲಾ ಯೋಕಿಚ್ ಹೆಸರು ಟಿವಿಲಿ ಬಂದಾಗ ಒಂದು ಫಾಸ್ಟ್‌ಫುಡ್ ಜಾಹೀರಾತು ಓಡ್ತಿತ್ತು, ಅವನು ಮೂರು ಸಲ ಎಂವಿಪಿ ಆದ. ಎಲ್ಲಾ ಹಾಗೇ ಆಗಲ್ಲ. 2015ರಲ್ಲಿ ಡಲ್ಲಾಸ್ 52ನೇದಾಗಿ ನಮ್ಮ ಪಂಜಾಬಿನ ಸತ್ನಾಮ್ ಸಿಂಗ್‌ನ ತಗೊಂಡಿತ್ತು, ಡ್ರಾಫ್ಟ್ ಆದ ಮೊದಲ ಭಾರತೀಯ, ಆದ್ರೆ ಎನ್‌ಬಿಎ ಮ್ಯಾಚ್ ಆಡೋ ಅವಕಾಶ ಸಿಗಲೇ ಇಲ್ಲ.

7. ಬೆಳೆಸೋದು

ಎಲ್ಲಾರೂ ಡ್ರಾಫ್ಟ್ ರಾತ್ರಿ ಬಗ್ಗೆನೇ ಮಾತಾಡ್ತಾರೆ, ನನ್ನ ಕೇಳಿದ್ರೆ ಅಸಲಿ ಕೆಲಸ ಮಾರನೇ ದಿನದಿಂದ. ಥಂಡರ್ ಕೋಚ್ ಮಾರ್ಕ್ ಡೇಗ್ನಾಲ್ಟ್ ಅದಕ್ಕೂ ಮೊದಲು ಐದು ವರ್ಷ ಜಿ ಲೀಗ್ (ಎನ್‌ಬಿಎ ಕೆಳಗಿನ ಕಿರಿಯರ ಲೀಗ್) ಟೀಮು ಒಕ್ಲಹೋಮ ಸಿಟಿ ಬ್ಲೂಗೆ ಕೋಚ್ ಆಗಿದ್ದೋನು. ಕಿರಿಯರ ಟೀಮು ಅದೇ ಊರಲ್ಲಿ, ಅದೇ ಪದ್ಧತಿಲಿ ಆಡುತ್ತೆ, ಹುಡುಗ ಕೆಳಗಿಂದ ಮೇಲೆ ಬಂದ್ರೆ ಹೊಸದಾಗಿ ಏನೂ ಕಲಿಯೋದಿರಲ್ಲ. ಲೂ ಡಾರ್ಟ್‌ನ 2019ರಲ್ಲಿ ಯಾರೂ ಡ್ರಾಫ್ಟೇ ಮಾಡ್ಲಿಲ್ಲ, ಟು-ವೇ ಕಾಂಟ್ರಾಕ್ಟಲ್ಲಿ (ಎನ್‌ಬಿಎ, ಜಿ ಲೀಗ್ ಎರಡರಲ್ಲೂ ಆಡೋದು) ಬಂದ, 2025ರಲ್ಲಿ ಆಲ್-ಡಿಫೆನ್ಸಿವ್ ಮೊದಲ ಟೀಮಲ್ಲಿದ್ದ. ಐಸಾಯಾ ಜೋನ ಫಿಲಡೆಲ್ಫಿಯಾ ಕೈಬಿಟ್ಟಿತ್ತು, ಇಲ್ಲಿ ಬಂದು ತ್ರೀ ಪಾಯಿಂಟ್ ಮಾಸ್ಟರ್ ಆದ. 2022ರಲ್ಲಿ ಸ್ಪರ್ಸ್‌ನಿಂದ ಹೆಸರಾಂತ ಶೂಟಿಂಗ್ ಕೋಚ್ ಚಿಪ್ ಎಂಗ್ಲಂಡ್‌ನ ಕರ್ಕೊಂಡು ಬಂದ್ರು, ಇಂಥಾ ಕೋಚ್‌ಗಳ ಸಂಬಳಕ್ಕೆ ಸ್ಯಾಲರಿ ಕ್ಯಾಪ್ ಅಡ್ಡ ಬರಲ್ಲ, ಅಲ್ಲಿ ಜಿಪುಣತನ ಮಾಡೋ ಓನರ್‌ಗಳು ನನಗಂತೂ ಅರ್ಥ ಆಗಲ್ಲ.

ಗಾಯ ಆದ್ರೆ ಕಾಯಿರಿ. ಚೆಟ್ 2022 ಆಗಸ್ಟಲ್ಲಿ ಒಂದು ಬೇಸಿಗೆ ಎಕ್ಸಿಬಿಷನ್ ಮ್ಯಾಚಲ್ಲಿ ಪಾದಕ್ಕೆ ಪೆಟ್ಟು ಮಾಡ್ಕೊಂಡ, ಇಡೀ ಸೀಸನ್ ಕೂರಿಸಿದ್ರು.

ಮತ್ತೊಂದು, ಬರೀ 20-21ರ ಹುಡುಗರನ್ನೇ ತುಂಬಿಸಿದ್ರೆ ಅವರು ಸೋಲೋದನ್ನೇ ಕಲೀತಾರೆ. ಡೆಟ್ರಾಯಿಟ್ 2024ರಲ್ಲಿ ಟೋಬಾಯಾಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್ ಥರದ ಅನುಭವಿಗಳನ್ನ ತಂತು, ಹೊಸ ಕೋಚ್ ಬಂದ, ಕೇಡ್ ಕನಿಂಗ್‌ಹ್ಯಾಮ್‌ಗೆ ಉಸಿರಾಡೋಕೆ ಜಾಗ ಸಿಕ್ತು, 14 ಗೆಲುವಿಂದ ಒಂದೇ ವರ್ಷದಲ್ಲಿ 44ಕ್ಕೆ ಹೋದ್ರು.

8. ಗಡಿಯಾರ ಓಡ್ತಿರುತ್ತೆ, ಸೋಲೋದು ನಿಲ್ಸಿ

ಮೊದಲ ರೌಂಡ್ ಹುಡುಗನ ಕಾಂಟ್ರಾಕ್ಟ್ ನಾಲ್ಕು ವರ್ಷ, ಮೊದಲ ಎರಡು ಗ್ಯಾರಂಟಿ, ಆಮೇಲಿನ ಎರಡು ಟೀಮಿನ ಇಷ್ಟ. ಸಂಬಳ ನಿಗದಿ ಆಗಿರುತ್ತೆ, ಎಷ್ಟೇ ಚೆನ್ನಾಗಿ ಆಡಿದ್ರೂ ಜಾಸ್ತಿ ಆಗಲ್ಲ. 2023-24ರಲ್ಲಿ ಆ ವರ್ಷದ ಒಂದನೇ ಪಿಕ್ ವಿಕ್ಟರ್ ವೆಂಬನ್ಯಾಮಾಗೆ ಸುಮಾರು 1.2 ಕೋಟಿ ಡಾಲರ್, ಹಿರಿಯ ಸ್ಟಾರ್ ಸ್ಟೆಫ್ ಕರಿಗೆ 5.19 ಕೋಟಿ. ಈ ಅಂತರವೇ ನಿಮ್ಮ ಬಂಡವಾಳ. ಆ ನಾಲ್ಕು ವರ್ಷದೊಳಗೆ ಗೆಲ್ಲೋ ಟೀಮ್ ಮಾಡ್ಲಿಲ್ಲ ಅಂದ್ರೆ ಅಗ್ಗದ ಅವಧಿ ಕೈಬಿಟ್ಟು ಹೋಗುತ್ತೆ.

ಸೋಲೋದನ್ನ ಶುರು ಮಾಡೋದು ಸುಲಭ, ನಿಲ್ಸೋದು ಕಷ್ಟ, ಮುಂದಿನ ವರ್ಷ ಇನ್ನೊಬ್ಬ ಹುಡುಗ ಬರ್ತಾನೆ ಅನ್ನೋ ಆಸೆ ಬಿಡಲ್ಲ. ಥಂಡರ್ ಎರಡು ಕೆಟ್ಟ ಸೀಸನ್ (22-50, 24-58) ಆದ ಮೇಲೆ 2022-23ರಲ್ಲಿ ಚೆಟ್ ಇಲ್ಲದೇನೂ 40 ಗೆದ್ದು ಪ್ಲೇ-ಇನ್‌ಗೆ ಹೋದ್ರು. ವೆಂಬನ್ಯಾಮಾ ಬರ್ತಿದ್ದ ವರ್ಷ ಅದು! ಆದ್ರೂ ಶೇನ ಕೂರಿಸ್ಲಿಲ್ಲ. ಮುಂದಿನ ವರ್ಷ 57 ಗೆಲುವು.

57 ಗೆದ್ದ ಮೇಲೂ ಡಲ್ಲಾಸ್ ವಿರುದ್ಧ ಪ್ಲೇಆಫಲ್ಲಿ ಒಂದು ಸಮಸ್ಯೆ ಕಾಣ್ತು. 6ನೇ ಪಿಕ್ಕಲ್ಲಿ ಬಂದ ಜಾಶ್ ಗಿಡ್ಡಿನ ಎದುರಾಳಿಗಳು ದೂರದಿಂದ ಶೂಟ್ ಮಾಡೋಕೆ ಬಿಟ್ಟುಬಿಡ್ತಿದ್ರು, ಅವನನ್ನ ಕಾಯ್ಬೇಕಾದೋನು ಹೋಗಿ ಶೇ ದಾರಿಗೆ ಅಡ್ಡ ನಿಲ್ತಿದ್ದ. ಕೆಲವು ವಾರದಲ್ಲೇ ಪ್ರೆಸ್ಟಿ 21ರ ಗಿಡ್ಡಿನ ಶಿಕಾಗೋಗೆ ಕೊಟ್ಟು 30ರ ಅಲೆಕ್ಸ್ ಕರೂಸೋನ ತಂದ, ಜೊತೆಗೆ ಒಂದು ಪಿಕ್ಕೂ ಬದಲಾಗ್ಲಿಲ್ಲ. ಮೇಲಿಂದ ಐಸಾಯಾ ಹಾರ್ಟೆನ್‌ಸ್ಟೈನ್‌ಗೆ ಮೂರು ವರ್ಷಕ್ಕೆ 8.7 ಕೋಟಿ ಡಾಲರ್. ತಾನೇ ಡ್ರಾಫ್ಟ್ ಮಾಡಿದ ಹುಡುಗನ ಮೇಲಿನ ಮೋಹ ಬಿಡೋದು ಎಷ್ಟು ಜಿಎಂಗಳಿಗೆ ಆಗುತ್ತೆ ಹೇಳಿ? ಕಪ್ ಗೆದ್ದ ಸೀಸನ್ನಿನ 68-14 ಬಂದಿದ್ದು ಆ ಬೇಸಿಗೆಯಿಂದ.

ಗೆದ್ದ ಮೇಲೆ ಬಿಲ್ ಬರುತ್ತೆ. 2025 ಜುಲೈಲಿ ಶೇಗೆ ನಾಲ್ಕು ವರ್ಷಕ್ಕೆ 28.5 ಕೋಟಿ ಡಾಲರ್, ಚೆಟ್ ಮತ್ತೆ ಜೇಲೆನ್‌ಗೂ ಐದೈದು ವರ್ಷದ ಭಾರಿ ಎಕ್ಸ್‌ಟೆನ್ಷನ್ ಕೊಟ್ರು. 2023ರಲ್ಲಿ ಬಂದ ಸೆಕೆಂಡ್ ಏಪ್ರನ್ (ಟೀಮಿನ ಒಟ್ಟು ಸಂಬಳಕ್ಕೆ ಎಳೆದ ಮೇಲಿನ ಗೆರೆ) ರೂಲ್ ಪ್ರಕಾರ ಸಂಬಳ ಆ ಗೆರೆ ದಾಟಿದ್ರೆ ಇಬ್ಬರು ಆಟಗಾರರ ಸಂಬಳ ಒಟ್ಟು ಸೇರಿಸಿ ಟ್ರೇಡ್ ಮಾಡೋ ಹಾಗಿಲ್ಲ, ಏಳು ವರ್ಷ ಆಚೆಯ ಪಿಕ್ಕೂ ಫ್ರೀಜ್ ಆಗುತ್ತೆ. ಹಾಗಾದಾಗ ಬೆಂಚಿಗೆ ಅಗ್ಗದ ಆಟಗಾರರು ಎಲ್ಲಿಂದ ಬರ್ಬೇಕು? 2024ರಲ್ಲಿ 38ನೇ ಪಿಕ್ಕಲ್ಲಿ ಬಂದ ಏಜೇ ಮಿಚೆಲ್ ಥರದೋರಿಂದ, ಕ್ಲಿಪ್ಪರ್ಸ್ 2019ರಲ್ಲಿ ಕೊಟ್ಟ ಪಿಕ್‌ಗಳಲ್ಲಿ ಕೊನೆಯದಾದ 2026ರ ಪಿಕ್‌ನಿಂದ. ಅದಕ್ಕೇ ಕಪ್ ಗೆದ್ದ ವರ್ಷವೂ ಸ್ಕೌಟ್‌ಗಳನ್ನ ಊರೂರು ಸುತ್ತೋಕೆ ಕಳಿಸ್ತಾನೇ ಇರಿ.